ಅಮ್ಮನ ಉಪ್ಪಿನಕಾಯಿಗೊಂದು ಪಿನ್ ಕೋಡ್

ಕಳೆದ ವರ್ಷ ಏಪ್ರಿಲ್ ರಜೆಗೆ ಸಾಗರದ ತವರುಮನೆಗೆ ಹೋದಾಗ ಜಗಲಿಯ ಮೇಲೆ ಒಂದು ಬುಟ್ಟಿ ಅಪ್ಪೆಮಿಡಿ ಕಾದು ಕುಳಿತಿತ್ತು. ಪಕ್ಕದ ಮನೆಯವರು ಹೊಳೆಬದಿಯ ಮರದಿಂದ ಕೊಯ್ಸಿ ಕಳಿಸಿದ್ದು. ಒಂದು ಮಿಡಿಯ ತೊಟ್ಟು ಮುರಿದರೆ ಸಾಕು, ಸೊನೆಯ ಪರಿಮಳ ಅಡುಗೆಮನೆಯವರೆಗೂ ಹೋಗುತ್ತಿತ್ತು. ಮಿಡಿಯೇನೋ ಬಂತು. ಉಪ್ಪಿನಕಾಯಿ ಹಾಕುವ ಕೈ ಮನೆಯಲ್ಲಿರಲಿಲ್ಲ. ಅಮ್ಮ ತೀರಿಕೊಂಡು ಹನ್ನೆರಡು ವರ್ಷ ಕಳೆದಿತ್ತು.

“ಅಜ್ಜಿಯ ಉಪ್ಪಿನಕಾಯಿ ಹೇಗೆ ಮಾಡುವುದು ಅಂತ ಈಗ ಯಾರಿಗೆ ಗೊತ್ತು?” ಎಂದಳು ಒಂಬತ್ತನೇ ತರಗತಿಯ ನನ್ನ ಮಗಳು.

“ನಿನ್ನ ಅಮ್ಮನಿಗೆ ಗೊತ್ತು ಪುಟ್ಟಿ. ಆವತ್ತೇ ಎಲ್ಲವನ್ನೂ ಬರೆದು ಇಂಟರ್‌ನೆಟ್ಟಿಗೆ ಹಾಕಿಟ್ಟಿದ್ದಾಳೆ” ಎಂದರು ಅಪ್ಪಯ್ಯ. ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಮಾತ್ರ ಒಳಗೊಳಗೇ ಅಳುಕು.

ಅಪ್ಪಯ್ಯ ಹೇಳಿದ್ದು ನಿಜ. 2002ರಲ್ಲಿ ನಾನು ಬೆಂಗಳೂರಿನಲ್ಲಿ ಹೊಸದಾಗಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿದ್ದೆ. ದೀಪಾವಳಿಗೆ ಊರಿಗೆ ಬಂದಾಗ ಅಮ್ಮನನ್ನು ಒಲೆಯ ಮುಂದೆ ಕೂರಿಸಿಕೊಂಡು, ಅವಳು ಹೇಳಿದ ನಲವತ್ತು ಅಡುಗೆಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬೆಂಗಳೂರಿಗೆ ಹೋಗಿ ಟೈಪ್ ಮಾಡಿ ಅಮ್ಮನ ಹೆಸರಿನಲ್ಲಿ ಒಂದು ಜಾಲತಾಣ ಮಾಡಿದೆ. ಅದು ನನ್ನ ಮೊದಲ ಸ್ವಂತ ಜಾಲತಾಣ. ಮೂಲೆಯಲ್ಲಿ ಮಿನುಗುವ ದೀಪ, ಮೇಲೆ ಓಡುವ ಅಕ್ಷರಗಳು. ಕೆಳಗೆ ಒಂದು ಸೂಚನೆ: ಈ ಪುಟವನ್ನು ಇಂಥದೇ ಬ್ರೌಸರಿನಲ್ಲಿ, ಇಷ್ಟೇ ಅಳತೆಯ ಪರದೆಯಲ್ಲಿ ನೋಡಿ, ಕನ್ನಡ ಕಾಣದಿದ್ದರೆ ಈ ಫಾಂಟ್ ಇಳಿಸಿಕೊಳ್ಳಿ. ಆ ಕಾಲದಲ್ಲಿ ಎಲ್ಲರೂ ಹಾಗೆ ಬರೆಯುತ್ತಿದ್ದರು. ಮನೆಗೆ ಬಂದ ನೆಂಟರಿಗೆ, ‘ನೀವು ಬಿಳಿ ಅಂಗಿ ಹಾಕಿಕೊಂಡು ಬಂದರೆ ಮಾತ್ರ ಊಟ’ ಎಂದ ಹಾಗೆ ಅದು ಎಂದು ಆಗ ಹೊಳೆದಿರಲಿಲ್ಲ.

ಆ ಪುಟಗಳಿಗೆ ಜಾಗ ಕೊಟ್ಟಿದ್ದ ಸಂಸ್ಥೆ ಕೆಲವು ವರ್ಷಗಳಲ್ಲಿ ಮುಚ್ಚಿಹೋಯಿತು. ಕಡತಗಳು ಸಿ.ಡಿ.ಯಿಂದ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪಿಗೆ ವಲಸೆ ಹೋಗುತ್ತಾ ನನ್ನ ಬಳಿ ಉಳಿದಿದ್ದವು. ನೋಟ್ ಪುಸ್ತಕ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಆ ಸಂಜೆ ಜಗಲಿಯಲ್ಲಿ ಕುಳಿತು ‘ಅಪ್ಪೆಮಿಡಿ ಉಪ್ಪಿನಕಾಯಿ’ ಪುಟವನ್ನು ತೆರೆದೆ.

ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ತಲೆಯ ಮೇಲೆ ಚುಕ್ಕೆ, ಟೊಪ್ಪಿ, ಬಾಲ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು.

“ಅಮ್ಮಾ, ಅಜ್ಜಿ ಯಾವ ಭಾಷೆಯಲ್ಲಿ ಅಡುಗೆ ಮಾಡುತ್ತಿದ್ದರು?” ಎಂದು ಮಗಳು ನಕ್ಕಳು. ಅಪ್ಪಯ್ಯ ಮಾತ್ರ ನಗಲಿಲ್ಲ. “ಹೋಯಿತಾ?” ಎಂದಷ್ಟೇ ಕೇಳಿದರು.

ಹೀಗೇಕಾಯಿತು ಎಂದು ಮಕ್ಕಳಿಗೆ ತಿಳಿಯುವ ಹಾಗೆ ಹೇಳುತ್ತೇನೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡಿರುತ್ತಾರೆ. ಇಂಗ್ಲಿಷಿನ ದೊಡ್ಡ ‘ಎ’ಗೆ 65. ನಾವು ಆಗ ಬಳಸುತ್ತಿದ್ದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದೆವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿತ್ತು. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಮಾಲೀಕರು ಹೊರಗೆ ಬಂದು ನಿಲ್ಲುತ್ತಿದ್ದರು. ಒಂದೊಂದು ಕಂಪನಿಯ ಫಾಂಟಿನಲ್ಲಿ ಬಾಡಿಗೆಯ ಏರ್ಪಾಡೂ ಒಂದೊಂದು ಬಗೆ.

ಇದಕ್ಕೆ ಪರಿಹಾರ ಆಗಲೇ ಇತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಒಪ್ಪಂದದ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು. ಕನ್ನಡ ಅದರಲ್ಲಿ ಮೊದಲಿನಿಂದಲೂ ಇದೆ. ಅಲ್ಲಿ ‘ಅ’ ಅಕ್ಷರದ ಸಂಖ್ಯೆ 3205, ‘ಕ’ ಅಕ್ಷರದ್ದು 3221. ಯಾವ ದೇಶದ ಯಾವ ಫೋನಿನಲ್ಲಾದರೂ ಅಷ್ಟೇ. ಆದರೆ 2002ರಲ್ಲಿ ಬಹಳ ಕಂಪ್ಯೂಟರುಗಳಿಗೆ ಯೂನಿಕೋಡ್ ಕನ್ನಡ ತೋರಿಸಲು ಬರುತ್ತಿರಲಿಲ್ಲ. ನನಗೆ ಬೇಕಾಗಿದ್ದು ಆವತ್ತೇ, ನನ್ನ ಗೆಳತಿಯರ ಕಂಪ್ಯೂಟರಿನಲ್ಲಿ ಚೆಂದ ಕಾಣುವ ಪುಟ. ಹಾಗಾಗಿ ಸುಲಭದ ದಾರಿ ಹಿಡಿದೆ. ಇಪ್ಪತ್ತು ವರ್ಷದ ನಂತರ ಓದುವವರು ಯಾರು ಎಂದು ಯೋಚಿಸಲಿಲ್ಲ. ಓದಲು ಬಂದವಳು ನನ್ನದೇ ಮಗಳು.

ಪುಣ್ಯಕ್ಕೆ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಯಾವ ಫಾಂಟ್ ಬಳಸಿದ್ದೆ ಎಂದು ನೆನಪು ಮಾಡಿಕೊಂಡು ಎರಡು ರಾತ್ರಿ ಕುಳಿತೆ. ಮೊದಲ ಸಾಲು ಕನ್ನಡವಾಗಿ ತಿರುಗಿದಾಗ ಅಮ್ಮ ಅಡುಗೆಮನೆಯಿಂದ ಕರೆದ ಹಾಗಾಯಿತು. ಒತ್ತಕ್ಷರಗಳು ಅಲ್ಲಲ್ಲಿ ಕಾಲು ಜಾರಿದ್ದವು, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಅವನ್ನೆಲ್ಲ ಕೈಯಲ್ಲೇ ತಿದ್ದಿದೆ. ನಲವತ್ತು ಅಡುಗೆಗಳೂ ಉಳಿದವು.

“ಇನ್ನು ನನಗೆ ಕೊಡು. ಅಜ್ಜಿಗೆ ಹೊಸ ವೆಬ್‌ಸೈಟ್ ನಾನು ಮಾಡುತ್ತೇನೆ” ಎಂದಳು ಮಗಳು.

ಈಗಿನ ಮಕ್ಕಳಿಗೆ ಅದು ಕಷ್ಟವಲ್ಲ. ಸಿದ್ಧ ಮಾದರಿಗಳು ಸಿಗುತ್ತವೆ, ಎಳೆದು ಬಿಟ್ಟರೆ ಪುಟ ತಯಾರು. ಮೂರು ದಿನದಲ್ಲಿ ಮುಗಿಸಿದಳು. ಪ್ರತಿ ಅಡುಗೆಗೂ ಒಂದು ಬಣ್ಣದ ಕಾರ್ಡು. ಅದರ ಅಂಚಿಗೆ ಹಸೆಚಿತ್ತಾರದ ಎಳೆ, ಮಧ್ಯದಲ್ಲಿ ಅಲಂಕಾರದ ಅಕ್ಷರ. ಬಿಳಿಯ ಮೇಲೆ ತಿಳಿ ಗುಲಾಬಿ. ಮುಂದಿನ ಕಾರ್ಡಿಗೆ ಹೋಗಲು ಮಾವಿನ ಎಲೆಯ ಆಕಾರದ ಗುಂಡಿ. ನಾನು ಸಂಬಳಕ್ಕೆ ಮಾಡಿದ ಎಷ್ಟೋ ಕೆಲಸಗಳಿಗಿಂತ ಚೆಂದವಾಗಿತ್ತು. ನೆರೆಮನೆಯವರು, ಚಿಕ್ಕಮ್ಮ, ಅತ್ತಿಗೆ ಎಲ್ಲರೂ ನೋಡಿ ಹೊಗಳಿದರು.

ಕೊನೆಗೆ ಅಜ್ಜನ ಸರದಿ.

ಅಪ್ಪಯ್ಯನ ಕಣ್ಣಿನ ವಿಷಯ ಹೇಳಬೇಕು. ಅವರಿಗೆ 78 ವರ್ಷ. ವಯಸ್ಸಿನಿಂದ ರೆಟಿನಾದ ನಡುಭಾಗ ಸವೆದಿದೆ. ಪಕ್ಕದ ಬಾಗಿಲು, ಕಂಬ ಮಸುಕಾಗಿ ಕಾಣುತ್ತವೆ. ನೇರ ಎದುರಿಗಿರುವ ಮುಖವೂ, ಪುಸ್ತಕದ ಸಾಲೂ ಕಾಣುವುದಿಲ್ಲ. ಪೇಪರ್ ಓದದೆ ಕಾಫಿ ಕುಡಿಯದವರಿಗೆ ಅದು ದೊಡ್ಡ ಪೆಟ್ಟು. ಎರಡು ವರ್ಷದ ಹಿಂದೆ ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ ಹಾಕಿಕೊಟ್ಟೆ. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿ ಏನಿದೆ ಎಂದು ಫೋನ್ ಗಟ್ಟಿಯಾಗಿ ಓದುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಎರಡು ಸಲ ತಟ್ಟಿದರೆ ಗುಂಡಿ ಒತ್ತಿದ ಹಾಗೆ. ಅಪ್ಪಯ್ಯ ಒಂದು ತಿಂಗಳಲ್ಲಿ ಕಲಿತು, ಈಗ ಪೇಪರನ್ನು ಕೇಳಿಕೊಂಡೇ ಕಾಫಿ ಕುಡಿಯುತ್ತಾರೆ.

ಮಗಳು ತನ್ನ ಪುಟವನ್ನು ಅಜ್ಜನ ಫೋನಿನಲ್ಲಿ ತೆರೆದು ಕೈಗಿಟ್ಟಳು. ಅಪ್ಪಯ್ಯ ಬೆರಳಿಟ್ಟರು.

“ಚಿತ್ರ” ಎಂದಿತು ಫೋನು. ಬಲಕ್ಕೆ ಸರಿಸಿದರು. “ಚಿತ್ರ.” ಮತ್ತೆ ಸರಿಸಿದರು. “ಬಟನ್.” ಮತ್ತೆ. “ಬಟನ್.”

ಅಪ್ಪಯ್ಯ ಇನ್ನೂ ನಾಲ್ಕು ಸಲ ಪ್ರಯತ್ನಿಸಿದರು. ಆಮೇಲೆ ಫೋನನ್ನು ಮೆಲ್ಲಗೆ ಕೆಳಗಿಟ್ಟು, “ಭಾರಿ ಚೆಂದ ಆಗಿದೆ ಪುಟ್ಟಿ” ಎಂದರು.

ಮಗಳ ಮುಖ ಸಣ್ಣದಾಯಿತು. ತನಗೆ ಕಾಣದ್ದನ್ನು ಅಜ್ಜ ಹೊಗಳಿದರು ಎಂದು ಅವಳಿಗೆ ತಿಳಿಯಿತು. ಹೆಂಡತಿಯ ಮಾತನ್ನು ಕೇಳಲು ಮೂರು ದಿನ ಕಾದು ಕುಳಿತಿದ್ದ ಮನುಷ್ಯನಿಗೆ ಸಿಕ್ಕಿದ್ದು ‘ಚಿತ್ರ, ಚಿತ್ರ, ಬಟನ್’.

ಆ ರಾತ್ರಿ ಅವಳು ನನ್ನನ್ನು ಕೇಳಿದಳು, “ನಾನು ಮಾಡಿದ್ದರಲ್ಲಿ ತಪ್ಪೇನು? ನನ್ನ ಫೋನಿನಲ್ಲಿ, ನಿನ್ನ ಫೋನಿನಲ್ಲಿ, ಚಿಕ್ಕಜ್ಜಿಯ ಫೋನಿನಲ್ಲಿ ಎಲ್ಲ ಕಡೆ ಸರಿಯಾಗಿ ಕಾಣುತ್ತದಲ್ಲ?”

ತಪ್ಪು ಹೀಗಿತ್ತು. ಅಲಂಕಾರದ ಅಕ್ಷರ ಬೇಕೆಂದು ಅವಳು ಬರಹವನ್ನೆಲ್ಲ ಚಿತ್ರವಾಗಿ ಉಳಿಸಿದ್ದಳು. ಎರಡು ರಾತ್ರಿ ಕುಳಿತು ನಾನು ಸಂಖ್ಯೆಗಳನ್ನು ಸರಿಪಡಿಸಿದ ಅಕ್ಷರಗಳು ಮತ್ತೆ ಬರೀ ಬಣ್ಣದ ಚುಕ್ಕೆಗಳಾಗಿದ್ದವು. ಚಿತ್ರದೊಳಗೆ ಏನಿದೆ ಎಂದು ಪದಗಳಲ್ಲಿ ಬರೆದಿಡಲು ಒಂದು ಜಾಗವಿರುತ್ತದೆ, ಅದು ಖಾಲಿ. ಮಾವಿನ ಎಲೆಯ ಗುಂಡಿಗೆ ‘ಮುಂದಿನ ಅಡುಗೆ’ ಎಂದು ಹೆಸರಿಟ್ಟಿರಲಿಲ್ಲ. ಸಿದ್ಧ ಮಾದರಿ ಇಂಗ್ಲಿಷಿನದಾದ್ದರಿಂದ ಪುಟದ ಭಾಷೆ ಇಂಗ್ಲಿಷ್ ಎಂದೇ ದಾಖಲಾಗಿತ್ತು. ಇವೆಲ್ಲ ಮಾಡಲೇಬೇಕೆಂದು ವೆಬ್ ಮಾನದಂಡಗಳು ಹೇಳುತ್ತವೆ. ‘ವೆಬ್ ಸ್ಟ್ಯಾಂಡರ್ಡ್ಸ್’ ಎಂದು ನಮ್ಮ ವೃತ್ತಿಯವರು ಕರೆಯುವುದು ಇದನ್ನೇ.

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಯಾಕೆಂದರೆ ಅದಕ್ಕೆ ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ಇದೇ ಪ್ರಶ್ನೆ ಬಂದಾಗ, “ಈಗ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಬ್ರೌಸರ್ ನೋಡಿಕೊಳ್ಳುತ್ತದೆ” ಎಂದು ನಾನೇ ಹೇಳಿದ್ದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಎರಡು ಬ್ರೌಸರುಗಳು ಪೈಪೋಟಿಗೆ ಬಿದ್ದು ತಮ್ಮ ತಮ್ಮದೇ ಕಟ್ಟಳೆ ಮಾಡಿಕೊಂಡವು. ಒಂದರಲ್ಲಿ ನೆಟ್ಟಗೆ ಕಂಡದ್ದು ಇನ್ನೊಂದರಲ್ಲಿ ಸೊಟ್ಟಗಾಗುತ್ತಿತ್ತು. ಬೇಸತ್ತ ವಿನ್ಯಾಸಕಾರರು 1998ರಲ್ಲಿ ‘ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್’ ಎಂಬ ಗುಂಪು ಕಟ್ಟಿ, ಎಲ್ಲ ಬ್ರೌಸರುಗಳೂ ಒಂದೇ ಕ್ರಮ ಪಾಲಿಸಬೇಕೆಂದು ಹೋರಾಡಿದರು. 2013ರಲ್ಲಿ, ಬಹುಪಾಲು ಕೆಲಸ ಆಯಿತೆಂದು ಆ ಗುಂಪು ತಾನಾಗಿಯೇ ಮುಚ್ಚಿಕೊಂಡಿತು. ಇವತ್ತಿನ ಬ್ರೌಸರುಗಳು ಬಹಳ ಮಟ್ಟಿಗೆ ಒಂದೇ ರೀತಿ ನಡೆದುಕೊಳ್ಳುತ್ತವೆ. ನಾವು ಒಂದು ಆವರಣ ಮುಚ್ಚಲು ಮರೆತರೂ ತಿದ್ದಿಕೊಂಡು ಪುಟ ತೋರಿಸುತ್ತವೆ. ಒಂದು ಕಾಲದಲ್ಲಿ ‘ನಮ್ಮ ಪುಟ ಪರೀಕ್ಷೆಯಲ್ಲಿ ಪಾಸು’ ಎಂಬ ಪುಟ್ಟ ಮುದ್ರೆಯನ್ನು ಮೂಲೆಯಲ್ಲಿ ಅಂಟಿಸಿಕೊಂಡು ಬೀಗುತ್ತಿದ್ದೆವು. ಅದಕ್ಕೆ ಈಗ ಅಂಥ ಬೆಲೆಯಿಲ್ಲ.

ಹಾಗಾದರೆ ಮಗಳು ಕೇಳಿದ್ದು ಸರಿಯೇ ಅಲ್ಲವೇ? ಕಾಣುವುದೆಲ್ಲ ಸರಿಯಾಗಿ ಕಾಣುತ್ತಿರುವಾಗ ಕಟ್ಟಳೆ ಯಾಕೆ?

ಉತ್ತರ ಕೊಟ್ಟವರು ಅಪ್ಪಯ್ಯ. ಒಳಗಿನ ಕೋಣೆಯಲ್ಲಿ ಮಲಗಿದ್ದರೆಂದು ನಾವು ತಿಳಿದಿದ್ದರೆ, ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊಮ್ಮಗಳನ್ನು ಪಕ್ಕಕ್ಕೆ ಕರೆದರು.

“ಪುಟ್ಟಿ, ನಮ್ಮ ಊರಿನ ಪಿನ್ ಕೋಡ್ ಎಷ್ಟು?”

“577401.”

“ಅದು ಯಾವಾಗ ಬಂತು ಗೊತ್ತಾ? 1972ರ ಆಗಸ್ಟ್ 15ಕ್ಕೆ. ನಾನು ಅಂಚೆ ಇಲಾಖೆಗೆ ಸೇರಿ ನಾಲ್ಕು ವರ್ಷ ಆಗಿತ್ತು. ಶ್ರೀರಾಮ್ ಭಿಕಾಜಿ ವೇಲಣಕರ್ ಅಂತ ಒಬ್ಬ ಅಧಿಕಾರಿ ಅದನ್ನು ರೂಪಿಸಿದವರು. ಅವರು ಸಂಸ್ಕೃತ ಕವಿಯೂ ಹೌದು. ಮೊದಲ ಅಂಕಿ 5 ಅಂದರೆ ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಕಾಗದಗಳನ್ನು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ಕನ್ನಡ ಬಾರದ ಗುಮಾಸ್ತ ಕೋಲ್ಕತ್ತದಲ್ಲಿ ಕೂತು ಈ ಆರು ಅಂಕಿ ನೋಡಿದರೆ ಸಾಕು, ಕಾಗದ ಸಾಗರದ ದಾರಿ ಹಿಡಿಯುತ್ತದೆ.”

“ಒಳ್ಳೆಯದೇ ಆಯಿತಲ್ಲ ಅಜ್ಜಾ?”

“ಆವತ್ತು ಯಾರೂ ಹಾಗೆ ಹೇಳಲಿಲ್ಲ. ಒಬ್ಬರು ಅಡಿಕೆ ವ್ಯಾಪಾರದ ಸಾಹುಕಾರರಿದ್ದರು. ‘ಪೋಸ್ಟ್‌ಮಾಸ್ತರರೇ, ನನ್ನ ಹೆಸರು ಬರೆದರೆ ಸಾಕು. ಪೋಸ್ಟ್‌ಮ್ಯಾನ್‌ಗೆ ನನ್ನ ಮನೆ ನಾಯಿಯ ಹೆಸರೂ ಗೊತ್ತು. ಈ ಅಂಕಿ ಯಾಕೆ?’ ಅಂತ ಜಗಳಕ್ಕೇ ಬಂದರು. ಅವರು ಹೇಳಿದ್ದು ನಿಜ. ನಮ್ಮ ಪೋಸ್ಟ್‌ಮ್ಯಾನ್ ಕಾಗದದ ಮೇಲೆ ಏನೂ ಬರೆಯದಿದ್ದರೂ ವಾಸನೆಯಲ್ಲೇ ಮನೆ ಹುಡುಕುವಂಥವನು. ಅವನು ಇದ್ದಷ್ಟು ದಿನ ಎಲ್ಲ ಸರಿಯಾಗೇ ಇತ್ತು. ಆಮೇಲೆ ಅವನು ನಿವೃತ್ತನಾದ. ಬಳ್ಳಾರಿಯಿಂದ ಹೊಸ ಹುಡುಗ ಬಂದ. ಸಾಹುಕಾರರ ಕಾಗದಗಳು ಊರೆಲ್ಲ ಸುತ್ತಿ, ಕೆಲವು ವಿಳಾಸ ಸಿಗದೆ ವಾಪಸ್ ಹೋದವು. ಮಗಳ ಮದುವೆಯ ಮಾತುಕತೆಯ ಕಾಗದವೇ ಒಂದು ತಿಂಗಳು ತಡವಾಗಿ ಬಂತು.”

ಅಪ್ಪಯ್ಯ ಕಾಫಿಯ ಕೊನೆಯ ಗುಟುಕು ಕುಡಿದರು. “ನಿನ್ನ ಫೋನು ಆ ಹಳೇ ಪೋಸ್ಟ್‌ಮ್ಯಾನ್ ಇದ್ದ ಹಾಗೆ ಪುಟ್ಟಿ. ನೀನು ಹೇಗೆ ಬರೆದರೂ ತಿಳಿದುಕೊಳ್ಳುತ್ತದೆ. ನನ್ನ ಫೋನು ಬಳ್ಳಾರಿ ಹುಡುಗ. ಅವನಿಗೆ ವಿಳಾಸ ಬರೆದೇ ಕೊಡಬೇಕು.”

ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದರೂ ನನಗೆ ಹೀಗೆ ಹೇಳಲು ಬಂದಿರಲಿಲ್ಲ.

ಒಂದು ದೇಶವೇ ಆ ಸಾಹುಕಾರರ ಹಾಗೆ ಒಬ್ಬ ಪೋಸ್ಟ್‌ಮ್ಯಾನ್‌ನನ್ನು ನಂಬಿದ ಕಥೆಯೂ ಇದೆ. 1990ರ ದಶಕದ ಕೊನೆಯಲ್ಲಿ ದಕ್ಷಿಣ ಕೊರಿಯಾ ಬ್ಯಾಂಕ್ ವ್ಯವಹಾರದ ಗುಟ್ಟು ಕಾಯಲು ‘ಸೀಡ್’ ಎಂಬ ತನ್ನದೇ ಗೂಢಲಿಪಿ ರೂಪಿಸಿತು. ಗಟ್ಟಿಯಾದ ಗೂಢಲಿಪಿಗಳನ್ನು ಹೊರದೇಶಗಳಿಗೆ ಕೊಡಲು ಅಮೆರಿಕ ನಿರ್ಬಂಧ ಹಾಕಿದ್ದ ಕಾಲ ಅದು. ಹಾಗಾಗಿ ಆವತ್ತಿಗೆ ಅದು ಜಾಣತನವೇ. ಆದರೆ ಅದು ನಡೆಯುತ್ತಿದ್ದುದು ಆಕ್ಟಿವ್‌ಎಕ್ಸ್ ಎಂಬ ಜೋಡಣೆಯ ಮೂಲಕ, ಅದೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ. ಜಗತ್ತೆಲ್ಲ ಬೇರೆ ಬ್ರೌಸರುಗಳಿಗೆ ಹೋದ ಮೇಲೂ ಅಲ್ಲಿನ ಜನ ಬ್ಯಾಂಕಿನ ಕೆಲಸಕ್ಕಾಗಿ ವರ್ಷಗಟ್ಟಲೆ ಅದನ್ನೇ ತೆರೆದಿಟ್ಟುಕೊಳ್ಳಬೇಕಾಯಿತು. ಹಳೆಯ ಪ್ರಮಾಣಪತ್ರಕ್ಕಿದ್ದ ವಿಶೇಷ ಸ್ಥಾನವನ್ನು ಕಾನೂನು ತೆಗೆದುಹಾಕಿದ್ದು 2020ರ ಡಿಸೆಂಬರಿನಲ್ಲಿ. 2022ರ ಜೂನ್ 15ರಂದು ಆ ಬ್ರೌಸರೂ ನಿವೃತ್ತವಾಯಿತು.

ಎದುರು ಉದಾಹರಣೆಯೂ ಇದೆ. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಜಿನೀವಾದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿದ್ದಾಗ ಮಾಡಿದ ಜಗತ್ತಿನ ಮೊದಲ ಜಾಲತಾಣ 1991ರದು. ಬಣ್ಣವಿಲ್ಲ, ಚಿತ್ರವಿಲ್ಲ, ತಲೆಬರಹ, ಬರಹ, ಕೊಂಡಿ, ಅಷ್ಟೇ. ಅದನ್ನು ಮಗಳ ಫೋನಿನಲ್ಲಿ ತೆರೆದು ತೋರಿಸಿದೆ. ತೆರೆಯಿತು. ಸ್ಮಾರ್ಟ್‌ಫೋನ್ ಎಂಬುದನ್ನು ಯಾರೂ ಕಾಣದಿದ್ದ ಕಾಲದಲ್ಲಿ ಬರೆದ ಪುಟ ಅದು. ಅದಕ್ಕಿಂತ ಹನ್ನೊಂದು ವರ್ಷ ಚಿಕ್ಕದಾದ ನನ್ನ ಪುಟ ಕೆಟ್ಟುಹೋಗಿತ್ತು. ವೆಬ್ಬಿನ ಕಟ್ಟಳೆಗಳನ್ನು ಎಲ್ಲರೂ ಕೂಡಿ ಮಾಡಲಿ ಎಂದು ಬರ್ನರ್ಸ್-ಲೀ 1994ರಲ್ಲಿ ‘ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ’ ಎಂಬ ಸಂಸ್ಥೆ ಸ್ಥಾಪಿಸಿದರು. ಕಣ್ಣು, ಕಿವಿ, ಕೈಗಳ ತೊಂದರೆ ಇರುವವರಿಗೂ ಪುಟಗಳು ತಲುಪಬೇಕಾದರೆ ಏನು ಮಾಡಬೇಕೆಂದು 1999ರಲ್ಲೇ ಆ ಸಂಸ್ಥೆ ಪಟ್ಟಿ ಕೊಟ್ಟಿತು. ನಮ್ಮ ದೇಶದ ಸರ್ಕಾರಿ ಜಾಲತಾಣಗಳಿಗೂ 2009ರಲ್ಲಿ ಮಾರ್ಗಸೂಚಿ ಬಂತು. 2012ರ ಲಂಡನ್ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ಬರ್ನರ್ಸ್-ಲೀ ಕ್ರೀಡಾಂಗಣದ ನಡುವೆ ಕುಳಿತು ಟೈಪ್ ಮಾಡಿದ ಸಂದೇಶದ ಅರ್ಥ, ‘ಇದು ಎಲ್ಲರಿಗಾಗಿ’.

ಆ ‘ಎಲ್ಲರೂ’ ಎಂಬುದರಲ್ಲಿ ನಾವು ಕಾಣದ ಇಬ್ಬರಿದ್ದಾರೆ. ಒಬ್ಬರು ನಮ್ಮ ಹಾಗೆ ಕಣ್ಣಿಟ್ಟು ಓದಲಾಗದವರು. ಇನ್ನೊಬ್ಬರು ನಾವು ಹೋದ ಮೇಲೆ ಬರುವವರು. ನನಗೆ ಈಗ ಸರಿಯಾಗಿ ಕಾಣುತ್ತದೆ ಎಂಬುದು ಈ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ನಾವು ಕೊಡಬಹುದಾದದ್ದು ಕ್ರಮವಾಗಿ ಬರೆದ ವಿಳಾಸ ಮಾತ್ರ. ಆದ್ದರಿಂದ, ಆಫೀಸಿನಲ್ಲಿ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಮಾರನೆಯ ದಿನ ಮಗಳೂ ನಾನೂ ಕೂಡಿ ಪುಟವನ್ನು ಮತ್ತೆ ಮಾಡಿದೆವು. ಹಸೆಚಿತ್ತಾರ ಹಾಗೇ ಉಳಿಯಿತು. ಅದರೊಳಗಿನ ಬರಹವನ್ನು ಮಾತ್ರ ಚಿತ್ರದಿಂದ ಬಿಡಿಸಿ ನಿಜವಾದ ಅಕ್ಷರ ಮಾಡಿದೆವು. ಅಡುಗೆಯ ಹೆಸರನ್ನು ಬರೀ ದಪ್ಪ ಅಕ್ಷರ ಮಾಡದೆ ‘ಇದು ಶೀರ್ಷಿಕೆ’ ಎಂದು ಗುರುತಿಸಿದೆವು. ಹಾಗೆ ಮಾಡಿದರೆ ಅಪ್ಪಯ್ಯ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಿಹೋಗಬಹುದು. ಮಾವಿನ ಎಲೆಗೆ ‘ಮುಂದಿನ ಅಡುಗೆ’ ಎಂದು ಹೆಸರಿಟ್ಟೆವು. ಪುಟದ ಭಾಷೆ ಕನ್ನಡ ಎಂದು ಬರೆದೆವು. ಇಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ತೊದಲೀತು. ತಿಳಿ ಗುಲಾಬಿ ಅಕ್ಷರ ಹೋಗಿ ಕಡು ಕೆಂಪು ಬಂತು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕೆಂದು ಮಾನದಂಡ ಹೇಳುತ್ತದೆ. “ಅಜ್ಜ ಹೇಗೂ ನೋಡುವುದಿಲ್ಲವಲ್ಲ, ಬಣ್ಣ ಯಾಕೆ ಬದಲಾಯಿಸಬೇಕು?” ಎಂದು ಮಗಳು ಕೇಳಿದಳು. ಅಷ್ಟರಲ್ಲಿ ಕನ್ನಡಕ ಮರೆತು ಬಂದಿದ್ದ ಚಿಕ್ಕಮ್ಮ ಆ ಪುಟ ನೋಡಿ, “ಈಗ ಓದಲಿಕ್ಕೆ ಬರುತ್ತದೆ ಮಾರಾಯ್ತಿ, ಮೊನ್ನೆ ಸುಮ್ಮನೆ ಚೆಂದ ಅಂದಿದ್ದೆ” ಎಂದರು. ಎಲ್ಲ ಸೇರಿ ಅರ್ಧ ದಿನದ ಕೆಲಸ.

ನಿಮ್ಮ ಶಾಲೆಗೋ ಸಂಘಕ್ಕೋ ನೀವೇ ಪುಟ ಮಾಡುವವರಾದರೆ ಮೂರು ಪರೀಕ್ಷೆ ಮಾಡಿ ನೋಡಿ. ಮೊದಲನೆಯದು, ಕಂಪ್ಯೂಟರಿನ ಮೌಸನ್ನು ಪಕ್ಕಕ್ಕಿಟ್ಟು, ಕೀಲಿಮಣೆಯ ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಎಲ್ಲ ಕೊಂಡಿ, ಗುಂಡಿಗಳಿಗೂ ಹೋಗಲು ಸಾಧ್ಯವೇ? ಎರಡನೆಯದು, ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿದಾಗ ಸಾಲುಗಳು ಒಂದರ ಮೇಲೊಂದು ಹತ್ತದೆ ನಿಲ್ಲುತ್ತವೆಯೇ? ಮೂರನೆಯದು, ಫೋನಿನಲ್ಲಿ ಓದಿ ಹೇಳುವ ವ್ಯವಸ್ಥೆ ಹಾಕಿ, ಕಣ್ಣು ಮುಚ್ಚಿ ಕೇಳಿದರೆ ವಿಷಯ ತಿಳಿಯುತ್ತದೆಯೇ? ಆ ವ್ಯವಸ್ಥೆ ಹಾಕಿದಾಗ ಫೋನ್ ಒತ್ತುವ ರೀತಿಯೇ ಬದಲಾಗುತ್ತದೆ. ಆರಿಸುವುದು ಹೇಗೆಂದು ಮೊದಲೇ ನೋಡಿಟ್ಟುಕೊಳ್ಳಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ನಾಲ್ಕನೆಯ ಪರೀಕ್ಷೆಯೂ ಇದೆ. ಪುಟ ತೆರೆದು ಅವರ ಕೈಗೆ ಕೊಡಿ, ಏನೂ ಹೇಳಿಕೊಡಬೇಡಿ, ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ನಾವು ಹಾಗೇ ಮಾಡಿದೆವು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪಯ್ಯ ಜಗಲಿಯಲ್ಲಿ ಕುಳಿತು ಫೋನಿನ ಮೇಲೆ ಬೆರಳಿಟ್ಟರು.

“ಅಪ್ಪೆಮಿಡಿ ಉಪ್ಪಿನಕಾಯಿ. ಶೀರ್ಷಿಕೆ” ಎಂದಿತು ಫೋನು.

ಬೆರಳು ಬಲಕ್ಕೆ ಸರಿಯಿತು. ಒಂದು ಸೇರು ಮಿಡಿಗೆ ಪಾವು ಹರಳುಪ್ಪು. ತೊಟ್ಟು ಒಂದು ಬೆರಳಿನಷ್ಟು ಇರಲಿ. ಭರಣಿ ಬಿಸಿಲಿಗಿಟ್ಟು ಒಣಗಿರಬೇಕು, ಒದ್ದೆ ಕೈ ಹಾಕಿದರೆ ಭರಣಿ ಕ್ಷಮಿಸುವುದಿಲ್ಲ. ದನಿ ಯಂತ್ರದ್ದು, ಏರಿಳಿತವಿಲ್ಲದ ದನಿ. ಆದರೆ ಭರಣಿ ಕ್ಷಮಿಸುವುದಿಲ್ಲ ಎನ್ನುವ ಮಾತು ಅಮ್ಮನದೇ. ಅಪ್ಪಯ್ಯ ಆ ಸಾಲನ್ನು ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ ಓದಿಸಿದರು. ನಾವು ಯಾರೂ ಮಾತಾಡಲಿಲ್ಲ.

ಮುಂದೆ ಹೋಗುತ್ತಾ ಒಂದು ಕಡೆ ತಡೆದರು. “ಕೂಸೇ, ಇಲ್ಲಿ ತಪ್ಪಿದೆ.”

“ಏನು ಅಪ್ಪಯ್ಯ?”

“ಉಪ್ಪುನೀರು ಕುದಿಸಿ ‘ಅರಿಸಿ’ ಅಂತಿದೆ. ‘ಆರಿಸಿ’ ಆಗಬೇಕು. ಬಿಸಿ ನೀರು ಹಾಕಿದರೆ ಮಿಡಿ ಮೆತ್ತಗಾಗುತ್ತದೆ.”

ನೋಡಿದೆ. ಹೌದು. ಪರಿವರ್ತಕದ ತಪ್ಪೂ ಅಲ್ಲ, ನಾನು ಕೈಯಲ್ಲಿ ತಿದ್ದುವಾಗ ಬಿಟ್ಟ ದೀರ್ಘ. ನಾನೂ ಮಗಳೂ ಹತ್ತು ಸಲ ಕಣ್ಣಾಡಿಸಿದ ಸಾಲು ಅದು. ಅಪ್ಪಯ್ಯನ ಕಿವಿ ಒಂದೇ ಸಲಕ್ಕೆ ಹಿಡಿಯಿತು. ಮಗಳು ಅಲ್ಲೇ ತಿದ್ದಿದಳು. ಆಮೇಲೆ ಇಬ್ಬರೂ ಸೇರಿ ಉಳಿದ ಮೂವತ್ತೊಂಬತ್ತನ್ನೂ ಕೇಳಿ ಮುಗಿಸುವಷ್ಟರಲ್ಲಿ ರಜೆ ಮುಗಿಯಿತು.

ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು ನಾವು ಬೆಂಗಳೂರಿಗೆ ಬಂದೆವು. ಮಿಡಿ ಸುಕ್ಕಾದ ಮೇಲೆ ಮಸಾಲೆ ಅರೆದು ಹಾಕುವ ಕೆಲಸ ಪಕ್ಕದ ಮನೆಯವರದು, ಪಕ್ಕದಲ್ಲಿ ಫೋನ್ ಹಿಡಿದು ಓದಿಸುವ ಕೆಲಸ ಅಪ್ಪಯ್ಯನದು.

ಜೂನ್ ಕೊನೆಯ ವಾರ ಅಂಚೆಯಲ್ಲಿ ಒಂದು ಪಾರ್ಸೆಲ್ ಬಂತು. ಬಟ್ಟೆ ಸುತ್ತಿ, ಒಂದು ಹನಿಯೂ ಸೋರದ ಹಾಗೆ ಹೊಲಿದ ಕಟ್ಟು. ಮೇಲೆ ದಪ್ಪ ಮಾರ್ಕರಿನಲ್ಲಿ ಅಪ್ಪಯ್ಯನೇ ವಿಳಾಸ ಬರೆದಿದ್ದರು. ನನ್ನ ಹೆಸರು ಮೇಲಕ್ಕೆ ಹತ್ತಿತ್ತು, ಬೀದಿಯ ಹೆಸರು ಕೆಳಕ್ಕೆ ಇಳಿದಿತ್ತು, ಎರಡು ಸಾಲು ಒಂದರ ಮೇಲೊಂದು ಬಿದ್ದು ಓದಲಾಗುತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಪಿನ್ ಕೋಡಿನ ಆರು ಅಂಕಿಗಳು ಒಂದೊಂದೂ ಬಿಡಿಬಿಡಿಯಾಗಿ, ನೆಟ್ಟಗೆ ನಿಂತಿದ್ದವು.